ಬಿಗಿದು ಕಟ್ಟಿದ ಅತ್ತಿ

ಚಂಡಮಾರುತದ ಗಾಳಿ ಮಧ್ಯಾಹ್ನ ಎರಡಕ್ಕೆ ನಾವಿರುವ ತೆಲುಗು ನಾಡಿನ ಪೆಂಡುರ್ತಿಯನ್ನು ಮುಟ್ಟಿತು. ಅಪ್ಪನಿಗೆ ಧಾರವಾಡದಿಂದ ಇಲ್ಲಿನ ಬ್ಯಾಂಕಿಗೆ ವರ್ಗವಾದ ವರ್ಷ, ಅಂದರೆ ಆರು ವರ್ಷಗಳ ಹಿಂದೆ, ನಾನು ನೆಟ್ಟ ಅತ್ತಿ ಮರ ಆಗಲೇ ತಾರಸಿಯನ್ನು ಮೀರಿತ್ತು. ಹಣ್ಣಿಗೆ ಕುಟ್ರು ಹಕ್ಕಿಗಳು ಬರುತ್ತಿದ್ದವು. ಕವಲಿನಲ್ಲಿ ಅಳಿಲಿನ ಗೂಡಿತ್ತು. ಮರ ನೇರವಾಗಿರಲೆಂದು ಕಾಂಡವನ್ನು ಕಬ್ಬಿಣದ ಕಂಬಕ್ಕೆ ಕಟ್ಟಿ, ಪ್ರತಿ ತಿಂಗಳೂ ಹಗ್ಗ ಬಿಗಿಗೊಳಿಸಿದವಳು ನಾನೇ. ಎಳವೆಯಲ್ಲಿ ಗಾಳಿಗೆ ತೂಗಾಡದ ಮರದ ಬೇರು ಗಟ್ಟಿಯಾಗುವುದಿಲ್ಲವೆಂದು ಕಳೆದ ವಾರವಷ್ಟೇ ಓದಿದ್ದೆ.

ಈಗ ಮರದೊಂದಿಗೆ ಕಂಬವೂ ಪಕ್ಕದ ಮನೆಯತ್ತ ವಾಲುತ್ತಿತ್ತು. ಅಲ್ಲಿ ಶೀಟಿನ ಅಡುಗೆಮನೆಯಲ್ಲಿ ಮಂಡ್ಯದ ಪದ್ಮಾ ಆಂಟಿ ಒಬ್ಬರೇ ಇದ್ದರು. ಅವರಿಗೆ ಫೋನ್ ಮಾಡಿದೆ.

"ಆಂಟಿ, ಕೂಡಲೇ ನಮ್ಮ ಮನೆಗೆ ಬನ್ನಿ. ಮರ ಬೀಳುತ್ತದೆ."

"ನೀನು ಸ್ಕೇಲ್ ಇಟ್ಟು ಬೆಳೆಸಿದ ಮರ ಕಣಮ್ಮ, ನಿನ್ನ ಕೇಳ್ದೆ ಬೀಳಲ್ಲ ಬಿಡು!"

"ನಾನೇ ತಪ್ಪು ಮಾಡಿದ್ದೇನೆ ಆಂಟಿ. ಅದರ ಬೇರು ಗಟ್ಟಿಯಿಲ್ಲ." ನನ್ನ ಧ್ವನಿ ಒಡೆಯಿತು. ಅವರ ನಗು ನಿಂತಿತು.

ಅವರು ಓಡಿಬಂದು ನಮ್ಮ ಬಾಗಿಲು ದಾಟುವಷ್ಟರಲ್ಲಿ ಮರ ಬುಡಸಮೇತ ಉರುಳಿ ಶೀಟನ್ನು ಪುಡಿಮಾಡಿತು.

"ಈಗ ತಾನೇ ಅಲ್ಲೇ ನಿಂತಿದ್ನಲ್ಲೇ," ಎಂದರು ಆಂಟಿ. ಅವರ ಸೆರಗನ್ನು ಹಿಡಿದಿದ್ದ ನನ್ನ ಬೆರಳುಗಳನ್ನು ಸಡಿಲಿಸಲು ಆಗಲಿಲ್ಲ.