ನಾಲ್ಕನೆಯ ಕೊಳವೆ

ಅಪ್ಪ ಓಡಿಸುವ ಕಾರಿನಲ್ಲಿ ಕೂರಲು ತನಗೆ ಭಯವೆಂದು ಕಾತ್ಯಾಯಿನಿ ಡೈರಿಯಲ್ಲಿ ಬರೆದು ತಿಂಗಳಾಗಿತ್ತು. ಹನುಮಂತನಗರದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಕಾರಿನ ಮೂತಿ ಬಲಕ್ಕೆ ಸರಿಯುತ್ತಿತ್ತು. ಹೇಳುವುದು ಹೇಗೆ? ಅಪ್ಪ ಅನಂತಪದ್ಮನಾಭರಾಯರದು ಜಯನಗರದಲ್ಲಿ ಗ್ಯಾರೇಜು; ಅಲ್ಲಿ ಪರೀಕ್ಷೆಯಾದ ಮೇಲೆಯೇ ಸುತ್ತಲಿನ ಶಾಲೆಗಳ ಬಸ್ಸುಗಳು ಮಕ್ಕಳನ್ನು ಹತ್ತಿಸಿಕೊಳ್ಳುತ್ತಿದ್ದವು. ಅಪ್ಪನ ಬಲಗಾಲು ಬ್ರೇಕನ್ನೊಮ್ಮೆ ಒತ್ತಿತೆಂದರೆ ಅದೇ ಪರೀಕ್ಷೆ, ಅದೇ ತೀರ್ಪು. ಬಿ.ಎಸ್ಸಿ. ಮುಗಿಸಿ ಗ್ಯಾರೇಜಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಮಗಳು ಆ ಕಾಲಿಗೆ ಎದುರಾಡುವುದುಂಟೆ?

೧೯೬೪ರ ಆ ವರ್ಷ ಗ್ಯಾರೇಜಿಗೆ ಹೊಸ ಯಂತ್ರ ತರುವುದೆಂದಾಯಿತು. ಅಂಗಳದಲ್ಲಿ ಜಾಗವಿದ್ದದ್ದು ಒಂದಕ್ಕೇ: ಕಾರನ್ನೆತ್ತುವ ಲಿಫ್ಟೋ, ಬ್ರೇಕ್ ಅಳೆಯುವ ಯಂತ್ರವೋ. ಎರಡನ್ನೂ ನೋಡಲು ಏಜೆಂಟ್ ಗೌರೀಶಂಕರನ ಶೆಡ್ಡಿಗೆ ಅಪ್ಪ, ಮಗಳು ತಮ್ಮ ಕಾರಿನಲ್ಲೇ ಹೋದರು. ಹಳೆಯ ಮೇಸ್ತ್ರಿ ಬೈರಣ್ಣನೂ ಜೊತೆಗಿದ್ದ.

ಮೊದಲು ಲಿಫ್ಟು. ಗೌರೀಶಂಕರ ಹಿಡಿ ತಿರುಗಿಸಿದ. ನೆಲದೊಳಗಿಂದ ಎಣ್ಣೆ ಮಿರುಗುವ ಕಂಬವೊಂದು ಮೇಲೆದ್ದು, ಅವರ ಕಾರು ಮೆಲ್ಲಗೆ ಆಳೆತ್ತರಕ್ಕೆ ಏರಿತು. ಇಪ್ಪತ್ತು ವರ್ಷ ಗುಂಡಿಯಲ್ಲಿ ಕೂತು ಗಾಡಿಗಳ ಹೊಟ್ಟೆ ನೋಡಿದ್ದ ಬೈರಣ್ಣ ಅದರಡಿ ನೆಟ್ಟಗೆ ನಿಂತು, "ಇನ್ಮೇಲೆ ನನ್ನ ಸೊಂಟಾನೂ ಸೆಟೆದು ನಿಲ್ತದೆ ಬಿಡಿ, ಸೋಮಿ," ಎಂದ. ಅಪ್ಪ ಆಗಲೇ ಮನಸೋತಿದ್ದರು.

ಆಮೇಲೆ ಬ್ರೇಕ್ ಯಂತ್ರ: ನೆಲದ ಮೇಲೆ ನಾಲ್ಕು ಕಬ್ಬಿಣದ ಹಲಗೆ, ಎದುರಿಗೆ ನಾಲ್ಕು ಗಾಜಿನ ಕೊಳವೆ; ಒಂದೊಂದು ಚಕ್ರಕ್ಕೆ ಒಂದೊಂದು. ಚಕ್ರಕ್ಕೆ ಬ್ರೇಕ್ ಬಿಗಿಯಾಗಿ ಹಿಡಿದಷ್ಟೂ ಅದರ ಕೊಳವೆಯಲ್ಲಿ ನೀರು ಮೇಲೇರುತ್ತದೆ. ಅಪ್ಪ ಕಾರನ್ನು ಹಲಗೆಗಳ ಮೇಲೆ ಓಡಿಸಿ ಬ್ರೇಕ್ ಒತ್ತಿದರು. ಕೊಳವೆಗಳಲ್ಲಿ ಕೆಂಪು ನೀರು ಚಿಮ್ಮಿ ಮೇಲೇರಿತು. ಕಾತ್ಯಾಯಿನಿಗೆ ಮೈ ಜುಮ್ಮೆಂದಿತು. ಯಾರ ಹೆಸರಿಗೂ ಅಂಜದೆ, ಯಾರ ಮುಖವನ್ನೂ ನೋಡದೆ, ಚಕ್ರಗಳು ತಮ್ಮ ನಿಜವನ್ನು ತಾವೇ ಹೇಳಿಕೊಳ್ಳುತ್ತಿದ್ದವು. ಮೂರು ಕೊಳವೆಗಳಲ್ಲಿ ಕೆಂಪು ನೀರು ಕತ್ತಿನವರೆಗೆ ಏರಿ ನಿಂತಿತು. ಮುಂದಿನ ಎಡಚಕ್ರದ್ದು ಬೆರಳುದ್ದವೂ ಏರಲಿಲ್ಲ.

"ಆ ಕೊಳವೆ ಕೆಟ್ಟಿದೆ ಕಣ್ರೀ," ಎನ್ನುತ್ತ ಅಪ್ಪ ಇಳಿದರು.

ಇರಬಹುದು ಸಾರ್ ಎಂದು ಗೌರೀಶಂಕರ ತಲೆದೂಗಿ, ಲಿಫ್ಟಿನ ಆರ್ಡರ್ ಫಾರಂ ಮುಂದಿಟ್ಟ. ಬೈರಣ್ಣ ನೆಲ ನೋಡಿದ. ಮಾರನೆಯ ಬೆಳಿಗ್ಗೆ ಶಾಲೆಯ ಬಸ್ಸೊಂದು ಪರೀಕ್ಷೆಗೆ ಬರುವುದಿತ್ತು. ಅಪ್ಪ ಪೆನ್ನಿನ ಮುಚ್ಚಳ ತೆಗೆದರು.

ಕಾತ್ಯಾಯಿನಿ ಫಾರಮ್ಮಿನ ಮೇಲೆ ಕೈಯಿಟ್ಟಳು. ಅಪ್ಪ ತಲೆಯೆತ್ತಿ ನೋಡಿದರೂ ತೆಗೆಯಲಿಲ್ಲ.

"ಕೊಳವೆ ಸರಿಯಾಗೇ ಇದೆ, ಅಪ್ಪ. ಎಡಚಕ್ರ ಹಿಡೀತಿಲ್ಲ, ಅದಕ್ಕೇ ಬ್ರೇಕ್ ಹಾಕಿದ್ರೆ ನಮ್ಮ ಕಾರು ಬಲಕ್ಕೆ ಎಳೆಯುತ್ತೆ. ನಿಮ್ಮ ಕಾಲಿಗೆ ಅದು ಗೊತ್ತಾಗ್ತಿಲ್ಲ."