ಅಳಿಸಿಹೋದ ಮೀನಿನ ಹೆಸರುಗಳು

ಶವ ಹೊತ್ತ ಜನಾಜಾದ ಒಂದು ತುದಿಗೆ ಹೆಗಲು ಕೊಡುವಾಗಲೇ ರಫತನಿಗೆ ಗುಂಪಿನ ಹಿಂದೆ ಇನ್ಶಿರಾ ಕಂಡಳು. ಹದಿನೆಂಟು ವರ್ಷ ಆ ಮುಖ ತಪ್ಪಿಸಿಕೊಂಡು ತಿರುಗಿದವನು, ಇವತ್ತು ಉಸ್ತಾದ್ ಗಲಾಲರನ್ನು ಹೊತ್ತುಕೊಂಡು ಓಡುವುದಾದರೂ ಎಲ್ಲಿಗೆ?

ಅಲೆಕ್ಸಾಂಡ್ರಿಯಾದಲ್ಲಿ ಹಳೆಯ ಫ್ಲಾಪಿ ಓದಿಸಬೇಕಾದರೆ ಜನ ಗಲಾಲರ ಅಂಗಡಿಗೇ ಬರುತ್ತಿದ್ದರು. ಒಂದು ಕಂಪ್ಯೂಟರ್ ಬರೆದದ್ದು ಇನ್ನೊಂದಕ್ಕೆ ಅರ್ಥವಾಗದ ಕಾಲದ ಯಂತ್ರಗಳನ್ನೆಲ್ಲ ಅವರು ಅಲ್ಲಿ ಗುಡ್ಡೆ ಹಾಕಿಕೊಂಡಿದ್ದರು. ಒಂದರ ಮಾತನ್ನು ಇನ್ನೊಂದಕ್ಕೆ ತಿಳಿಸುವುದರಲ್ಲೇ ಈ ಮನುಷ್ಯನ ಆಯುಷ್ಯ ಕಳೆಯಿತೆಂದು ಪಕ್ಕದಲ್ಲಿ ಹೆಗಲು ಕೊಟ್ಟಿದ್ದ ಕ್ಷೌರಿಕ ಹೇಳುತ್ತಿದ್ದ. ರಫತ್ ಹಿಂದೆ ತಿರುಗದೆ ಹೆಜ್ಜೆ ಹಾಕಿದ.

*

ಇನ್ಶಿರಾಳ ಗಂಡ ಮೇಷ್ಟ್ರು. ಬೆಸ್ತರ ಬಾಯಲ್ಲಿದ್ದ ಮೀನಿನ ಹೆಸರುಗಳನ್ನು ಹತ್ತು ವರ್ಷ ಕೂಡಿಸಿ, ಟಿವಿಗೆ ಜೋಡಿಸುವ ಹಳೆಯ ಕಂಪ್ಯೂಟರಿನಲ್ಲಿ ಫ್ಲಾಪಿಗೆ ಬರೆದಿಟ್ಟು ತೀರಿಕೊಂಡಿದ್ದರು. ಹದಿನೆಂಟು ವರ್ಷದ ಹಿಂದೆ ಆ ಫ್ಲಾಪಿಯನ್ನು ಹೊಸ ಯಂತ್ರಕ್ಕೆ ಇಳಿಸುವ ಕೆಲಸ ಗಲಾಲರು ಅಂಗಡಿಯಲ್ಲಿ ಕೆಲಸಕ್ಕಿದ್ದ ರಫತನಿಗೆ ಒಪ್ಪಿಸಿದರು. ಹೊಸ ಯಂತ್ರಕ್ಕೆ ಅದರ ತಲೆಬುಡ ತಿಳಿಯಲಿಲ್ಲ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಅವಸರದಲ್ಲಿದ್ದ ರಫತ್ ಹೌದೆಂದು ಒತ್ತಿಬಿಟ್ಟ. ಎಲ್ಲವೂ ಅಳಿಸಿಹೋಯಿತು.

ಫ್ಲಾಪಿ ಬರುವಾಗಲೇ ಖಾಲಿಯಿತ್ತು ಎಂದು ಸುಳ್ಳು ಹೇಳಿದ. ಗಲಾಲರು "ಹೌದಾ, ಅಲ್ಲಿಡು" ಅಂದರು, ಅಷ್ಟೇ. ಅಂದಿನಿಂದ ಇನ್ಶಿರಾ ಅಂಗಡಿಗೆ ಬಂದರೆ ಸಾಕು, ಇವನು ಚಹಾಕ್ಕೆಂದು ಹೊರಬೀಳುತ್ತಿದ್ದ.

*

ಸಂಜೆ ಗಂಡಸರು ಕೆಳಗೆ ಶಾಮಿಯಾನದಲ್ಲಿ, ಹೆಂಗಸರು ಮೇಲೆ ಮನೆಯಲ್ಲಿ ಕೂತಿದ್ದರು. ಕಾಫಿಯ ತಟ್ಟೆ ಹಿಡಿದು ಮೇಲೆ ಹೊರಟ ರಫತ್ ಮೆಟ್ಟಿಲ ಮೇಲೆ ಇನ್ಶಿರಾಳನ್ನು ಕಂಡು ಹಿಂದಿರುಗುವಷ್ಟರಲ್ಲೇ ಸಿಕ್ಕಿಬಿದ್ದ.

"ಇವತ್ತೂ ಚಹಾಕ್ಕೆ ಹೊರಟ್ಯಾ ರಫತ್? ನಾನೇನಪ್ಪ ನಿನಗೆ ಮಾಡಿದ್ದು?"

ಇನ್ನು ಅವನಿಂದ ತಡೆಯಲಾಗಲಿಲ್ಲ.

"ನೀವೇನೂ ಮಾಡ್ಲಿಲ್ಲಮ್ಮ. ನಾನೇ ಮಾಡಿದ್ದು. ಮೇಷ್ಟ್ರ ಫ್ಲಾಪಿ ಖಾಲಿ ಇರ್ಲಿಲ್ಲ, ನಾನೇ ಅಳಿಸಿಬಿಟ್ಟೆ."

"ಯಾವುದು, ಮೀನಿಂದಾ? ಅದು ನಮ್ಮನೇಲೇ ಇದೆಯಲ್ಲೋ."

ರಫತ್ ಕಣ್ಣುಕಣ್ಣು ಬಿಟ್ಟ. ಇನ್ಶಿರಾ ನಿಧಾನವಾಗಿ ಬಿಡಿಸಿ ಹೇಳಿದಳು. ಬಂದ ಫ್ಲಾಪಿಯನ್ನು ಗಲಾಲರು ಮೊದಲು ಅದರದೇ ಜಾತಿಯ ಯಂತ್ರದಲ್ಲಿ ನಕಲು ಮಾಡಿಕೊಳ್ಳುತ್ತಿದ್ದರು. ಕೆಲಸದವರ ಕೈಗೆ ಕೊಡುತ್ತಿದ್ದದ್ದು ಆ ನಕಲನ್ನೇ. ಅವನು ಅಳಿಸಿದ ಮರುವಾರವೇ ತಾವೇ ಕೂತು ಅಸಲಿನಿಂದ ಎಲ್ಲವನ್ನೂ ಇಳಿಸಿಕೊಟ್ಟಿದ್ದರು.

"ನಕಲು ಅಂತ ಗೊತ್ತಾದ್ರೆ ಕೈ ಸಡಿಲ ಬಿಡ್ತಾರೆ, ಅದಕ್ಕೇ ಯಾರಿಗೂ ಹೇಳಲ್ಲ ಅಂತಿದ್ರು. ನಿನಗೂ ಹೇಳ್ಲಿಲ್ವಾ?"

ರಫತ್ ತಟ್ಟೆ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತ. ಎದೆಯ ಭಾರವೆಲ್ಲ ಒಂದೇ ಸಲ ಇಳಿದುಹೋಗಿ ಮೈ ಹಗುರಾಯಿತು. ಹದಿನೆಂಟು ವರ್ಷ ಕುಡಿದ ಬೇಡದ ಚಹಾವನ್ನೆಲ್ಲ ನೆನೆದು ನಗು ಉಕ್ಕಿತು. ಮುಖ ಮುಚ್ಚಿಕೊಂಡರೂ ಹೆಗಲು ಕುಲುಕುತ್ತಿತ್ತು.

ಹತ್ತಿ ಬರುತ್ತಿದ್ದ ಕ್ಷೌರಿಕ ಅವನ ಬೆನ್ನು ಸವರಿದ. "ಅತ್ತುಬಿಡಪ್ಪ, ತಂದೆ ಹಾಗಿದ್ರು ನಿನಗೆ."

ಇನ್ಶಿರಾ ತನ್ನ ಕರಿ ಶಾಲು ಅಗಲವಾಗಿ ಹರಡಿ, ನಗುವವನಿಗೆ ಅಡ್ಡ ನಿಂತಳು.