ಔಷಧ ಹಾಕದ ಸಾಲು

ಬೆಳಗ್ಗೆ ಏಳೂಕಾಲಿಗೆ ಪ್ರಯೋಗಾಲಯದಲ್ಲಿ ಇನ್ಸಾಫ್ ಸಾಲುಸಾಲು ಗುಳಿಗಳಿದ್ದ ಪ್ಲೇಟನ್ನು ಬೆಳಕಿಗೆ ಹಿಡಿದಳು. ಗುಳಿಗಳಲ್ಲಿ ನೇರಳೆ ಬಣ್ಣ ಇರಲಿಲ್ಲ. ಶಿಲೀಂಧ್ರದ ಪೊರೆ ಉಳಿದಿದ್ದರೆ ಬಣ್ಣ ಅದಕ್ಕೆ ಅಂಟಿಕೊಂಡಿರಬೇಕಿತ್ತು.

ಆ ಶಿಲೀಂಧ್ರ ಬಂದದ್ದು ಅವಳ ತಂಗಿ ಸಲ್ವಾಳ ರಕ್ತದಿಂದ. ಸ್ಫಾಕ್ಸ್ ನಗರದ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆಂದು ಕತ್ತಿನೊಳಗೆ ಇಳಿಸಿದ್ದ ನಳಿಕೆಯ ಗೋಡೆಗೆ ಅದು ಪಾಚಿಯಂತೆ ಕಚ್ಚಿಕೊಂಡಿತ್ತು. ಪೊರೆಯೊಳಗೆ ಮದ್ದು ಇಳಿಯುತ್ತಿರಲಿಲ್ಲ, ಜ್ವರ ಬಿಡುತ್ತಿರಲಿಲ್ಲ. ನಳಿಕೆ ತೆಗೆದರೆ ಇನ್ನೊಂದನ್ನು ಹಾಕಲು ಕತ್ತಿನಲ್ಲೂ ತೊಡೆಯಲ್ಲೂ ಕಟ್ಟಿಕೊಳ್ಳದ ರಕ್ತನಾಳ ಉಳಿದಿರಲಿಲ್ಲ.

ಕಾಡು ಜಾತರ್ ಎಂಬ ಪರಿಮಳದ ಸೊಪ್ಪಿನ ಎಣ್ಣೆಯಿಂದ ಬೇರ್ಪಡಿಸಿದ ಸಂಯುಕ್ತವೊಂದರ ಮೇಲೆ ಇನ್ಸಾಫ್ ವರ್ಷಗಟ್ಟಲೆ ಕೆಲಸ ಮಾಡಿದ್ದಳು. ಅದು ಪೊರೆ ಕಟ್ಟದಂತೆ ತಡೆಯುತ್ತಿತ್ತು. ಕಟ್ಟಿದ್ದನ್ನೂ ಸಡಿಲಿಸೀತೆಂದು ಅವಳ ನಂಬಿಕೆ. ಹಿಂದಿನ ವಾರ ಸಲ್ವಾಳನ್ನು ನೋಡುತ್ತಿದ್ದ ಡಾಕ್ಟರ್ ಜುಹೈರ್ ಹೇಳಿದ್ದರು: "ಅವಳ ಶಿಲೀಂಧ್ರದ ಮೇಲೇ ಕೆಲಸ ಮಾಡಿದೆ ಅಂತ ತೋರಿಸಮ್ಮ. ಸಮಿತಿ ಮುಂದೆ ನಾನೇ ಬೇಡ್ಕೋತೀನಿ." ಹೊಸ ಮದ್ದನ್ನು ರೋಗಿಗೆ ಕೊಡಲು ಒಪ್ಪಿಗೆ ಕೊಡುವ ಆ ಸಮಿತಿ ಸೇರುವುದು ಇವತ್ತು ಒಂಬತ್ತಕ್ಕೆ.

"ನೌಫೆಲ್, ಬಾರೋ, ನೋಡು!"

ಪಕ್ಕದ ಮೇಜಿನ ನೌಫೆಲ್ ಬಂದು ಕಣ್ಣು ಕಿರಿದು ಮಾಡಿದ.

"ಭಲೇ! ಒಂದು ಚುಕ್ಕೆನೂ ಇಲ್ಲ." ಆಮೇಲೆ ದನಿ ಇಳಿಯಿತು. "ಕೊನೇ ಸಾಲು ಯಾವ್ದು?"

"ಔಷಧ ಹಾಕದೇ ಬಿಟ್ಟಿದ್ದು."

"ಅದೂ ಬೋಳಾಗಿದೆಯಲ್ಲೇ."

ಇನ್ಸಾಫ್ ಆ ಸಾಲನ್ನು ನೋಡಿಯೇ ಇರಲಿಲ್ಲ. ಮದ್ದಿಲ್ಲದ ಅಲ್ಲಿ ಪೊರೆ ನೇರಳೆಯಾಗಿ ಉಳಿದಿರಲೇಬೇಕಿತ್ತು.

"ಹೇಗೆ ತೊಳ್ದೆ?"

"ಬೋರಲು ಹಾಕಿ ಕಾಗದದ ಮೇಲೆ ಕುಟ್ಟಿದೆ."

"ಹರೀಸಾ ಚಟ್ನಿಗೆ ಮೆಣಸಿನಕಾಯಿ ಕುಟ್ಟೋ ಹಾಗಾ? ಅಂಚಿಂದ ಮೆಲ್ಲಗೆ ನೀರು ಬಿಡಿ ಅಂತ ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಬಯ್ಯೋಳು ನೀನೇ ತಾನೆ?"

"ಅಮ್ಮ ಫೋನಲ್ಲಿ ಅಳ್ತಿದ್ಲು ಕಣೋ. ಒಂದೇ ಕೈಲಿ ತೊಳ್ದೆ."

ಪೊರೆ ನೀರಿನ ಜತೆ ಕಿತ್ತು ಹೋಗಿತ್ತು. ಔಷಧ ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ಆ ಪ್ಲೇಟ್ ಇನ್ನು ಹೇಳಲಾರದು.

ನೌಫೆಲ್ ಬಾಗಿಲ ಕಡೆ ನೋಡಿದ. "ಮೇಲಿನ ಸಾಲುಗಳ ಫೋಟೋ ಮಾತ್ರ ಕಳ್ಸು. ಕೆಳಗಿನದನ್ನ ಯಾರು ಕೇಳ್ತಾರೆ?"

ಅವಳು ಫೋಟೋ ತೆಗೆದಳು. ಕೆಳಗಿನ ಸಾಲನ್ನು ಕತ್ತರಿಸಿಯೂ ಬಿಟ್ಟಳು. ಕಳಿಸಲು ಬೆರಳು ಏಳಲಿಲ್ಲ.

"ಅವಳ ರಕ್ತಕ್ಕೆ ಏನು ಬಿಡ್ತಿದೀನಿ ಅಂತ ನನಗೇ ಗೊತ್ತಿಲ್ವಲ್ಲೋ," ಎಂದು ಅತ್ತಳು. ಆಮೇಲೆ ಜುಹೈರ್‌ಗೆ ಫೋನ್ ಮಾಡಿದಳು.

"ಡಾಕ್ಟ್ರೇ, ಪ್ರಯೋಗ ಕೆಟ್ಟಿದೆ. ನಂದೇ ತಪ್ಪು. ಇನ್ನೆರಡು ದಿನ ಕೊಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ರಾತ್ರಿಯಿಂದ ಅವಳ ಬಿ.ಪಿ. ಇಳೀತಾ ಇದೆ ಇನ್ಸಾಫ್. ಎರಡು ದಿನ ನನ್ನ ಹತ್ರ ಇಲ್ಲಮ್ಮ."

"ಹಾಗಾದ್ರೆ?"

"ಈ ನಳಿಕೆ ಇವತ್ತೇ ತೆಗೀಬೇಕು. ಬೆನ್ನಿನ ಕಡೆಯಿಂದ ದೊಡ್ಡ ನಾಳಕ್ಕೆ ನಳಿಕೆ ಇಳಿಸೋರು ಟ್ಯೂನಿಸ್‌ನಲ್ಲಿ ಒಬ್ರಿದ್ದಾರೆ. ಒಪ್ತಾರೋ ಇಲ್ವೋ, ಕೇಳ್ತೀನಿ."

ಹತ್ತು ಗಂಟೆಗೆ ಸಲ್ವಾಳ ಕತ್ತಿನ ನಳಿಕೆ ತೆಗೆದರು. ಮಧ್ಯಾಹ್ನ ಅಕ್ಕತಂಗಿ ಇಬ್ಬರನ್ನೂ ಹತ್ತಿಸಿಕೊಂಡು ಆಂಬುಲೆನ್ಸ್ ಟ್ಯೂನಿಸ್‌ಗೆ ಹೊರಟಿತು. ಅಲ್ಲಿನ ವೈದ್ಯರಿಂದ ಇನ್ನೂ ಉತ್ತರ ಬಂದಿರಲಿಲ್ಲ.